ಏಳುನೂರ ಅರವತ್ತೊಂದರ ಡ್ರೈವರ್

ನನ್ನ ತಮ್ಮ ಜೋಕಿಮ್‌ಗೆ ಹೆಸರಿಗಿಂತ ನಂಬರಿನ ಮೇಲೆಯೇ ನಂಬಿಕೆ. ರೈಲನ್ನೇ ಕಾಣದ ಕಾಪುವಿನಿಂದ ಹೋಗಿ ರೈಲಿನ ಡ್ರೈವರ್ ಆದ ಮೇಲೆ ಅವನ ಗತ್ತೇ ಬೇರೆ.

"ಅಕ್ಕ, ಶೆಡ್ಡಿನಲ್ಲಿ ನಾಲ್ಕು ಜನ ಜೋಕಿಮ್‌ಗಳು ಉಂಟು. ಹೆಸರು ಬರೆದರೆ ಕಾಗದ ಯಾರಿಗೋ ಹೋಗುತ್ತದೆ. 'ಎಂಜಿನ್ 761ರ ಡ್ರೈವರ್' ಎಂದು ಬರೆ, ಸಾಕು. ನನ್ನನ್ನು ಯಾವ ಊರಿಗೆ ಹಾಕಿದರೂ ಎಂಜಿನ್ ನನ್ನ ಜೊತೆಗೇ ಬರುತ್ತದೆ" ಎಂದಿದ್ದ.

ಆರು ವರ್ಷ ಹಾಗೆಯೇ ಬರೆದೆ. ಒಂದು ಕಾಗದವೂ ತಪ್ಪಲಿಲ್ಲ. ಅಮ್ಮನಂತೂ ಜಪಮಾಲೆ ಮುಗಿಸಿ, "ನನ್ನ ಏಳುನೂರ ಅರವತ್ತೊಂದನ್ನು ಕಾಪಾಡು ದೇವರೇ" ಎಂದು ಬೇಡುತ್ತಿದ್ದರು.

ಐವತ್ತೆಂಟನೆಯ ಇಸವಿಯಲ್ಲಿ ಅಮ್ಮ ಹಾಸಿಗೆ ಹಿಡಿದರು. ಪಾದ್ರಿಗಳು ಬಂದು, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋದರು. "ವೆರೊನಿಕಾ, ಅವನ ಮುಖ ಒಮ್ಮೆ ನೋಡಬೇಕು." ಅಮ್ಮನದು ಅದೊಂದೇ ಮಾತು. ಅದೇ 761ರ ವಿಳಾಸಕ್ಕೆ ತಂತಿ ಕೊಟ್ಟೆ. ಅಂಥ ಎಂಜಿನ್ನೇ ಇಲ್ಲ ಎಂದು ವಾಪಸು ಬಂತು. ಇಲ್ಲವಂತೆ! ಅಷ್ಟು ದೊಡ್ಡ ಕಬ್ಬಿಣದ ರಾಶಿ ಎಲ್ಲಿ ಮಾಯವಾಗುತ್ತದೆ? ಸಿಟ್ಟಿನಲ್ಲೇ ಬೆಳಗಿನ ಬಸ್ಸು ಹತ್ತಿ ಮಂಗಳೂರಿನ ಸ್ಟೇಶನ್ನಿಗೆ ಹೋದೆ.

ಅಲ್ಲೊಂದು ಎಂಜಿನ್ ನಿಂತಿತ್ತು. ಬದಿಯಲ್ಲಿ ಬಿಳಿ ಬಣ್ಣದ ಐದು ಅಂಕೆಗಳು. ಕಲ್ಲಿದ್ದಲು ಸರಿಮಾಡುತ್ತಿದ್ದ ಫಾಯರ್‌ಮನ್‌ನನ್ನು ಕೇಳಿದೆ.

"761 ಎಲ್ಲಿ ಸಿಗುತ್ತದೆ?"

"ಆ ನಂಬರ್ ಈಗ ಇಲ್ಲ ಅಮ್ಮಾ. ಮೊದಲು ಒಂದೊಂದು ರೈಲ್ವೆಗೆ ಒಂದೊಂದು ಲೆಕ್ಕ, ಒಂದೇ ನಂಬರಿನ ಎಂಜಿನ್ ನಾಲ್ಕು ಕಡೆ. ಈಗ ಇಡೀ ದೇಶಕ್ಕೆ ಒಂದೇ ಪಟ್ಟಿ. ಎಲ್ಲ ಬದಲು."

"ಹಾಗಾದರೆ ಅದರ ಹೊಸ ನಂಬರ್ ಎಂತ?"

"ಪಟ್ಟಿ ಮದ್ರಾಸಿನ ಆಫೀಸಿನಲ್ಲಿ ಉಂಟು. ನಾನು ಇವತ್ತೇ ಈ ಎಂಜಿನ್ನಿಗೆ ಬಂದವನು, ನನಗೆಂತ ಗೊತ್ತು?"

ಎಂಜಿನ್ನಿನ ಬದಿಗೆ ಕೈ ಊರಿ ನಿಂತೆ. ಅಂಗೈಗೆ ಹಸಿ ಬಣ್ಣ ಮೆತ್ತಿತು. ಅವನು ಬೈದ, ನಾನೂ ಬೈದೆ. ಬರಿಗೈಯಲ್ಲಿ ಮನೆಗೆ ಬಂದಾಗ ಅಮ್ಮ ನನ್ನ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿದರು. ಮೂರನೆಯ ದಿನ ತೀರಿಕೊಂಡರು.

ಊರಿನವರೊಬ್ಬರಿಂದ ಸುದ್ದಿ ತಿಳಿದು ಜೋಕಿಮ್ ಓಡಿಬಂದದ್ದು ಇಪ್ಪತ್ತು ದಿನದ ಮೇಲೆ. ಇಬ್ಬರೂ ಅತ್ತು ಮುಗಿದ ಮೇಲೆ, ಸ್ಟೇಶನ್ನಿಗೆ ಹೋದ ಕಥೆ ಹೇಳಿ ಅವನ ರೈಲ್ವೆಗೆ ಹಿಡಿಶಾಪ ಹಾಕಿದೆ. ಅಂಗೈಗೆ ಬಣ್ಣ ಮೆತ್ತಿದ್ದು ಹೇಳುವಾಗ ಅವನ ಮುಖ ಬಿಳಿಚಿತು.

"ಕೊನೆಯ ಅಂಕೆ ಅಳಿಸಿದ್ದು ನೀನಾ? ಅದು ನನ್ನದೇ ಎಂಜಿನ್, ಅಕ್ಕ. ಆಫೀಸಿನ ಕಾಗದದಲ್ಲಿ ನಂಬರ್ ಮೊದಲೇ ಬದಲಾಗಿತ್ತಂತೆ, ಬಣ್ಣ ಬಳಿದದ್ದು ಅವತ್ತು ಬೆಳಿಗ್ಗೆ. ಮಧ್ಯಾಹ್ನದ ಗಾಡಿ ಬಿಡಬೇಕಿತ್ತು, ನಾನು ಅಲ್ಲೇ ಸ್ಟೇಶನ್ನಿನ ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ಒಮ್ಮೆ ಆ ಫಾಯರ್‌ಮನ್‌ನ ಹತ್ತಿರ ನನ್ನ ಹೆಸರು ಹೇಳಬಾರದಿತ್ತಾ?"

"ಹೆಸರು ಬೇಡ ಎಂದವನು ನೀನೇ ಅಲ್ವಾ ಮಾರಾಯ!" ಎಂದು ಕಿರುಚಿದೆ.

ಅವನು ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದ. ಬಣ್ಣ ಎಂದೋ ಹೋಗಿತ್ತು.