ಆಡಿನ ಮರಿಗೆ ಹೇಳಿದ್ದು

ಟಿವಿಯಲ್ಲಿ ಬಟ್ಟೆಯ ಬಣ್ಣ ಇನ್ನೂ ತಿಳಿಯಾಗಿ ಕಾಣುತ್ತದೆ, ಇಷ್ಟು ಬಿಳಿ ಇರಲಿಲ್ಲ ಅದು, ಕೆನೆಬಣ್ಣ, ವೆನಿಷಾಳ ಹಳೆಯ ಫ್ಲಾನೆಲ್ ಫ್ರಾಕು, ಮಗಳಿಗೆ ಗಿಡ್ಡವಾದ ಮೇಲೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದದ್ದು, ಈಗ ಆಡಿನ ಮರಿಯ ಕೈಗೊಂಬೆಯೊಂದರ ಮುಖ, ದವಡೆಯ ಕೆಳಗೆ ಹೊಲಿಗೆ ಒಂಚೂರು ಎಳೆದುಕೊಂಡಿದೆ, ಕ್ಯಾಮರಾದಲ್ಲಿ ಅದೆಲ್ಲ ಕಾಣುವುದಿಲ್ಲ ಲೀನಾ ಅಂದಿದ್ದಳು ಎವ್ಲಿನ್, ಹೊಲಿದವಳಿಗೆ ಕಾಣದೆ ಇರುತ್ತದೆಯೇ — ಆದರೂ ಚೆಂದ ಕಾಣುತ್ತದೆ, ಬಾಯಿ ತೆರೆದರೆ ಒಳಗೆ ಕೆಂಪು ಸ್ಯಾಟಿನ್ ಮಿಂಚುತ್ತದೆ, ಅದರ ಒಳಗಿರುವ ಕೈ ಎವ್ಲಿನ್‌ಳದು, ಧ್ವನಿಯೂ ಅವಳದೇ, ಆ ಎವ್ಲಿನ್ ಇಲ್ಲಿ ನನ್ನ ಪಕ್ಕದಲ್ಲೇ ಸೋಫಾದ ಮೇಲೆ ಕೂತಿದ್ದಾಳೆ, ಗಂಡನ ತಂಗಿ ಆಗುವುದಕ್ಕೆ ಎಷ್ಟೋ ಮೊದಲೇ ಶಾಲೆಯಲ್ಲಿ ನನ್ನ ಬೆಂಚಿನವಳು, ನಮ್ಮ ಮನೆಗೇ ಬಂದುಬಿಡು ಮಾರಾಯ್ತಿ ಎಂದು ಅಣ್ಣ ಗ್ಲ್ಯಾಡ್‌ಸನ್‌ಗೆ ನನ್ನನ್ನು ಕೇಳಿದ್ದೂ ಅವಳೇ. ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಬಟ್ಟೆಯಲ್ಲೇ ಎಲ್ಲರೂ ಕೂತಿದ್ದೇವೆ, ಅತ್ತೆ ಬೆತ್ತದ ಕುರ್ಚಿಯಲ್ಲಿ, ವೆನಿಷಾ ನೆಲದ ಮೇಲೆ ಟಿವಿಗೆ ತೀರ ಹತ್ತಿರ, ಹಿಂದೆ ಸರಿ ಎಂದರೆ ಒಂದು ಗೇಣು ಸರಿದು ಮತ್ತೆ ಮುಂದೆ ಹೋಗುತ್ತಾಳೆ. ಈ ಕೇರಳದ ಚಾನೆಲಿನಲ್ಲಿ ನಮ್ಮ ಕಡೆಯ ಕನ್ನಡ ಶಾಲೆಯ ಮಕ್ಕಳಿಗೆಂದು ವಾರಕ್ಕೆ ಅರ್ಧ ಗಂಟೆ, ಉಳಿದದ್ದೆಲ್ಲ ಮಲಯಾಳ, ಆ ಅರ್ಧ ಗಂಟೆಗಾಗಿ ಎವ್ಲಿನ್ ಎಷ್ಟು ಓಡಾಡಿದಳು, ನಾಯ್ಮಾರ್ಮೂಲೆಯ ಅವಳ ಬಾಡಿಗೆ ಮನೆಯ ತುಂಬ ಬಟ್ಟೆಯ ತುಂಡು, ಸ್ಪಂಜು, ಗುಂಡಿ, ಶಾಲೆಯಲ್ಲಿ ಪಾಠ ಮುಗಿಸಿ ಬಂದು ರಾತ್ರಿಯವರೆಗೆ ಇದೇ ಕೆಲಸ. ಹೋದ ವಾರದ ಮೊದಲ ಕಂತಿನಲ್ಲಿ ಈ ಕುಂಞಿ, ಆಡಿನ ಮರಿಯ ಹೆಸರು ಕುಂಞಿ, ಗೋಡೆಗೆ ಅಂಟಿಸಿದ್ದ ಅ ಅಕ್ಷರವನ್ನು ತಿಂದುಬಿಟ್ಟಿತು, ಊರಿನ ಅಕ್ಕಂದಿರೆಲ್ಲ ಕ್ಕಂದಿರಾದರು, ಅಜ್ಜ ಬರೇ ಜ್ಜ ಆಗಿ ಕೆಮ್ಮಿದ ಹಾಗೆ ಕೇಳಿತು, ವೆನಿಷಾ ಬಿದ್ದು ಬಿದ್ದು ನಕ್ಕಳು, ಅತ್ತೆಯೂ ನಕ್ಕರು, ಪೆರ್ಲದ ಪೇಟೆಯಲ್ಲಿ ಜನ ನನ್ನನ್ನು ನಿಲ್ಲಿಸಿ ಆ ಆಡು ನೀವು ಹೊಲಿದದ್ದಂತೆ ಹೌದಾ ಎಂದು ಕೇಳಿದರು, ಹೌದು ಎನ್ನುವಾಗ ಎಷ್ಟು ಸಂತೋಷ ನನಗೆ.

ಈ ವಾರ ಎಂತ ತಿನ್ನುತ್ತದೆ ನಿನ್ನ ಆಡು, ಎಂದು ಅತ್ತೆ ಕೇಳಿದ್ದಕ್ಕೆ ಎವ್ಲಿನ್ ನಕ್ಕಳು, ನೋಡಮ್ಮ, ಈ ವಾರ ಬೇರೆ ಉಂಟು — ಹೌದು ಬೇರೆಯೇ, ಕುಂಞಿ ತಲೆ ತಗ್ಗಿಸಿಕೊಂಡು ಬರುತ್ತದೆ, ಕೆರೆಯ ದಂಡೆಯಲ್ಲಿ ಆಮೆ ಅಜ್ಜಿ, ಅದು ಬೇರೆ ಯಾರೋ ಮಾಡಿದ ಗೊಂಬೆ, ಕಣ್ಣು ಸರಿಯಾಗಿಲ್ಲ, ಯಾಕೆ ಕುಂಞಿ ಸಪ್ಪಗಿದ್ದೀ ಎನ್ನುತ್ತದೆ ಆಮೆ, ಬೇಸರ ಅಂದರೆ ಎಂತ ಅಜ್ಜಿ ಎನ್ನುತ್ತದೆ ಕುಂಞಿ, ಒಳ್ಳೆಯ ಪಾಠವೇ, ಮಕ್ಕಳಿಗೆ ಇದನ್ನೂ ಹೇಳಿಕೊಡಬೇಕು, ಬಾಳೆಕಾಯಿ ಚಿಪ್ಸಿನ ತಟ್ಟೆಯನ್ನು ಅತ್ತೆಯ ಕಡೆ ಸರಿಸುತ್ತೇನೆ, ನನ್ನ ಅಮ್ಮ, ಎನ್ನುತ್ತದೆ ಕುಂಞಿ, ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ಬಿಡುತ್ತಾಳೆ ಅಜ್ಜಿ, ಬಾಲ್ದಿ ತುಂಬಿ ನೀರು ಹೊರಗೆ ಹೋದರೂ ನಿಲ್ಲಿಸುವುದಿಲ್ಲ, ನೀರಿನ ಶಬ್ದದಲ್ಲಿ ನನಗೆ ಕೇಳುವುದಿಲ್ಲ ಅಂತ ಅವಳು ಎಣಿಸಿದ್ದಾಳೆ, ನನಗೆ ಕೇಳ್ತದೆ — ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ಬೇರೆ ಯಾರದೋ ಅಮ್ಮ ಇರಬಹುದು, ಎಲ್ಲ ಮನೆಯಲ್ಲೂ ನಲ್ಲಿ ಇರುತ್ತದೆ, ಎಲ್ಲ ಹೆಂಗಸರೂ ಅಳುತ್ತಾರೆ, ಬಾಲ್ದಿ ಎಲ್ಲರ ಬಚ್ಚಲಲ್ಲೂ ತುಂಬುತ್ತದೆ, ಆದರೆ ಅತ್ತೆ ನನ್ನ ಕಡೆ ನೋಡುತ್ತಿಲ್ಲ, ನೋಡದೆ ಇರುವುದಕ್ಕೆ ಕುತ್ತಿಗೆಯನ್ನೇ ಬಿಗಿ ಹಿಡಿದಿದ್ದಾರೆ, ಅಂದರೆ ಅವರಿಗೂ ಕೇಳುತ್ತಿತ್ತು, ಇಷ್ಟು ದಿನವೂ. ಜೂನಿನ ಆ ಮಳೆಯಲ್ಲಿ ರಿಕ್ಷಾದಲ್ಲಿ ಕಾಸರಗೋಡಿನ ಆಸ್ಪತ್ರೆಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡದ್ದು ಎವ್ಲಿನ್, ಸೀಟಿಗೆ ತನ್ನ ದುಪಟ್ಟಾ ಮಡಚಿ ಹಾಸಿದವಳು, ಡಾಕ್ಟರು ಇಲ್ಲ ಎಂದು ತಲೆಯಾಡಿಸಿದಾಗ ನನಗಿಂತ ಮೊದಲು ಅತ್ತವಳು. ಇನ್ನೂ ಹೊಟ್ಟೆ ಕಾಣುವ ಮೊದಲೇ ಹೋಯಿತಲ್ಲ, ಯಾರಲ್ಲೂ ಹೇಳುವುದು ಬೇಡ, ಆದದ್ದು ಆಯಿತು, ಎಂದರು ಅತ್ತೆ, ದೋಹಾದಿಂದ ಗ್ಲ್ಯಾಡ್‌ಸನ್ ಬೇಸರ ಮಾಡಬೇಡ ಲೀನಾ, ಮುಂದೆ ನೋಡುವ ಎಂದರು, ಮರುದಿನದಿಂದ ಮನೆಯಲ್ಲಿ ಏನೂ ಆಗದ ಹಾಗೆ ಗಂಜಿ, ಚಟ್ನಿ, ಮೆಷಿನ್ನಿನ ಮೇಲೆ ಯಾರದೋ ರವಿಕೆ. ಎವ್ಲಿನ್ ಒಬ್ಬಳೇ ಕೇಳಿದಳು, ಈಗ ಹೇಗಿದ್ದೀ, ಎಲ್ಲಿ ಅಳ್ತೀ, ಬಚ್ಚಲಲ್ಲಿ ಎಂದೆ, ನಾನೇ ಹೇಳಿದೆ, ಅವಳಲ್ಲಿ ಅಲ್ಲದೆ ಇನ್ನು ಯಾರಲ್ಲಿ ಹೇಳಲಿ.

ತಂಗಿಯೋ ತಮ್ಮನೋ ಬರ್ತದೆ ಅಂತ ನಮ್ಮ ಮನೆಯ ಅಜ್ಜಿ ಫೋನಿನಲ್ಲಿ ಹೇಳುವುದು ಕೇಳಿತು ನನಗೆ, ಎನ್ನುತ್ತದೆ ಕುಂಞಿ, ನನ್ನ ಹೊಲಿಗೆಯ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ನನಗೆ ಬೇಡ ಅಂತ ಹೇಳಿದೆ, ಅಮ್ಮ ನಕ್ಕಳು, ಮತ್ತೆ ಅದು ಬರಲೇ ಇಲ್ಲ, ನಾನು ಬೇಡ ಹೇಳಿದ್ದಕ್ಕೇ ಹೋದದ್ದು, ಅಮ್ಮ ಅಳುವುದು ನನ್ನಿಂದ ಅಜ್ಜಿ — ಆ ದಿನ ನೆನಪಿದೆ, ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದೆ, ನಂಗೆ ಪಾಪು ಬೇಡ ಎಂದಳು ವೆನಿಷಾ, ಎಲ್ಲ ಮಕ್ಕಳೂ ಹೇಳುತ್ತಾರೆ, ಹೊಟ್ಟೆಕಿಚ್ಚಿನ ಮಾತು, ನಕ್ಕು ಮರೆತೆ, ಅವಳು ಮರೆಯಲಿಲ್ಲ, ಎರಡನೆಯ ಕ್ಲಾಸಿನ ಹುಡುಗಿ ಅದನ್ನು ಹೊತ್ತುಕೊಂಡು ಶಾಲೆಗೆ ಹೋದಳು, ಬಂದಳು, ಊಟ ಮಾಡಿದಳು, ನನ್ನ ಪಕ್ಕದಲ್ಲಿ ಮಲಗಿದಳು, ನನಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಅವಳ ತುಟಿ ಆಡುತ್ತಿದೆ, ಕುಂಞಿಯ ಒಂದೊಂದು ಮಾತನ್ನೂ ಕುಂಞಿಗಿಂತ ಮೊದಲೇ ಹೇಳುತ್ತಿದ್ದಾಳೆ. ಆಮೆ ಅಜ್ಜಿ ಹೇಳುತ್ತದೆ, ಅಲ್ಲ ಕುಂಞಿ, ಮಕ್ಕಳು ಬೇಡ ಅಂತ ಹೇಳಿದರೆ ಪಾಪು ಹೋಗುವುದಿಲ್ಲ, ಅದು ಯಾರ ತಪ್ಪೂ ಅಲ್ಲ, ಹಾಡು ಶುರುವಾಗುತ್ತದೆ, ಹೆಸರುಗಳು ಮೇಲೆ ಹೋಗುತ್ತವೆ, ರಚನೆ ಎವ್ಲಿನ್, ಗೊಂಬೆಯ ಹೊಲಿಗೆ ಲೀನಾ. ಇದೆಂತ ಪಾಠ ಮಕ್ಕಳಿಗೆ, ಎಂದು ಅತ್ತೆ ಎದ್ದು ಟಿವಿ ಆರಿಸಿ, ಊಟಕ್ಕೆ ಇಡು ಲೀನಾ ಎಂದರು.

ಎವ್ಲಿನ್ ಅಡುಗೆಮನೆಗೆ ಹಿಂದೆಯೇ ಬಂದಳು, ಕೋಳಿ ಸಾರು ಕುದಿಯುತ್ತಿತ್ತು, ನಾನು ಬೆಂಕಿ ಸಣ್ಣ ಮಾಡಿದೆ, ಅವಳು ನನ್ನ ಭುಜ ಮುಟ್ಟಿದಳು, ನಿನಗೆ ಬೇಸರ ಆಯಿತಾ, ಹೆಸರು ಹೇಳಲಿಲ್ಲ ಅಲ್ಲ ನಾನು, ಯಾರಿಗೆ ಗೊತ್ತಾಗ್ತದೆ, ಅತ್ತೆಗೆ ಗೊತ್ತಾಯಿತು ಎಂದೆ, ಗೊತ್ತಾಗಲಿ, ಅವರೂ ಒಂದು ಸಲ ತಿಳಿಯಲಿ, ಎಂದಳು, ಎಷ್ಟು ಮಕ್ಕಳು ಹೀಗೆ ಒಳಗೊಳಗೇ ಇಟ್ಟುಕೊಳ್ತಾರೆ ನಿನಗೆ ಗೊತ್ತುಂಟಾ ಲೀನಾ, ಇದರಿಂದ ಎಷ್ಟು ಉಪಕಾರ — ಅದೆಲ್ಲ ಸರಿ ಇರಬಹುದು, ಬಚ್ಚಲಿನ ಮಾತು ನನ್ನದು, ಅದನ್ನು ಕದ್ದರೂ ಕ್ಷಮಿಸುತ್ತಿದ್ದೆ, ನನಗೆ ಬೇಕಾದದ್ದು ಒಂದೇ, ವೆನಿಷಾ ಇದನ್ನು ನಿನಗೆ ಯಾವಾಗ ಹೇಳಿದ್ದು, ಎಂದೆ. ಅವಳು ಸೌಟು ತೆಗೆದುಕೊಂಡು ಸಾರು ತಿರುವಿದಳು. ಓಣಂ ರಜೆಗೆ ನನ್ನಲ್ಲಿಗೆ ಬಂದಿದ್ದಳಲ್ಲ, ಆಗ, ನನಗೆ ಅಲ್ಲ ಹೇಳಿದ್ದು, ಕುಂಞಿಗೆ. ಓಣಂ — ಹೂವಿನ ಕಾಲ, ಈಗ ಕ್ರಿಸ್ಮಸ್ಸಿನ ನಕ್ಷತ್ರ ಇಳಿಸಿ ಅಟ್ಟಕ್ಕೆ ಹಾಕಿಯಾಗಿದೆ, ಅಷ್ಟು ಕಾಲ, ಪ್ರತಿ ಭಾನುವಾರ ನನ್ನ ಕೈಯ ಊಟ ಮಾಡಿದಳು, ಕುಂಞಿಯ ಕತ್ತಿನ ಹೊಲಿಗೆ ಬಿಟ್ಟಿದೆ ಎಂದು ತಂದಳು, ಹೊಲಿದು ಕೊಟ್ಟೆ, ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೊಲಿದೆ, ಆಗಲೂ ಅವಳಿಗೆ ಗೊತ್ತಿತ್ತು. ನನಗೆ ಯಾಕೆ ಹೇಳಲಿಲ್ಲ ಎವ್ಲಿನ್. ಹೇಳುವ ಅಂತಲೇ ಇದ್ದೆ, ಸ್ಕ್ರಿಪ್ಟ್ ಪಾಸ್ ಆಗಬೇಕಿತ್ತು, ಮೊದಲೇ ಹೇಳಿದರೆ ನೀನು ಬೇಡ ಅಂತಿದ್ದೆ. ಹೌದು, ಬೇಡ ಅನ್ನುತ್ತಿದ್ದೆ, ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಮಗಳ ಸಂಕಟವನ್ನು ಒಂದು ಕಂತಿಗೆಂದು ಜೋಪಾನವಾಗಿ ಇಟ್ಟುಕೊಂಡಳು. ಕುಂಞಿಯನ್ನು ವಾಪಸು ಕೊಡು ಎಂದೆ, ಬೇರೇನು ಕೇಳಬೇಕೆಂದು ತೋಚಲಿಲ್ಲ. ಅದು ಈಗ ನನ್ನದಲ್ಲ ಲೀನಾ, ಚಾನೆಲಿನವರದ್ದು, ಎಂದಳು, ನಿಜವಾಗಿಯೂ ಬೇಸರದಿಂದಲೇ ಎಂದಳು. ಊಟ ಮಾಡದೆ ಹೋದಳು, ಬದಿಯಡ್ಕದ ಬಸ್ಸು ಉಂಟು ಎಂದು ಅತ್ತೆಗೆ ಹೇಳಿ.

ವೆನಿಷಾ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ಹತ್ತಿರ ಹೋಗಿ ಕೂತೆ, ಮಂಡಿಯ ಮೇಲಿನ ಗಾಯದ ಹಕ್ಕಳೆ ಕೀಳುತ್ತಿದ್ದಳು, ಕೈ ಹಿಡಿದೆ, ಅಡುಗೆಮನೆಯಿಂದಲೇ ಜೋಡಿಸಿಕೊಂಡು ಬಂದ ಮಾತು, ಕೊಂಕಣಿಯಲ್ಲಿ, ನಮ್ಮ ಮನೆಯ ಮಾತಿನಲ್ಲಿ ಹೇಳಿದೆ, ಪುತಾ, ಪಾಪು ಹೋದದ್ದು ನಿನ್ನಿಂದ ಅಲ್ಲ, ನೀನು ಬೇಡ ಹೇಳಿದ್ದಕ್ಕೆ ಅಲ್ಲ, ನನ್ನ ಧ್ವನಿ ಒಡೆಯಿತು, ಅವಳು ಅಳುತ್ತಾಳೆ ಎಂದುಕೊಂಡೆ, ತಬ್ಬಿಕೊಳ್ಳುವುದಕ್ಕೆ ತೋಳು ಚಾಚಿದ್ದೆ ಕೂಡ. ಅವಳು ಕನ್ನಡದಲ್ಲಿ, ನೀರು ಕುಡಿದೆಯಾ ಎಂದರೆ ಹೂಂ ಎನ್ನುವ ಹಾಗೆ, ಗೊತ್ತುಂಟು ಮಮ್ಮಿ, ಕುಂಞಿ ಹೇಳಿಯಾಯಿತು, ಎಂದಳು. ಆವತ್ತೇ, ಓಣಂ ರಜೆಯಲ್ಲೇ. ನನ್ನ ತೋಳು ಹಾಗೇ ಇತ್ತು, ಅವಳು ಅದರೊಳಗೆ ಬಂದು ಕೂತಳು, ನನ್ನನ್ನು ಸಮಾಧಾನ ಮಾಡುವುದಕ್ಕೆ, ಬೆನ್ನು ಸವರಿದಳು, ಮತ್ತೆ ಕೋಳಿ ಸಾರು ಆಯಿತಾ ಎಂದು ಕೇಳಿ ಒಳಗೆ ಹೋದಳು. ಅವಳ ಭಾರ ಇಳಿದಿದೆ, ತಾಯಿಗೆ ಅದೇ ಸಾಕಲ್ಲವೇ, ಸಾಕು ಎಂದುಕೊಳ್ಳಬೇಕು, ಇಳಿಸಿದ್ದು ನಾನಲ್ಲ, ಮನೆಯ ಮಾತಿನಲ್ಲಿ ಹೇಳಲಾಗದ್ದನ್ನು ಅವಳು ಶಾಲೆಯ ಮಾತಿನಲ್ಲಿ ಒಂದು ಹಳೆಯ ಫ್ರಾಕಿಗೆ ಹೇಳಿದಳು, ಫ್ರಾಕು ಉತ್ತರ ಕೊಟ್ಟಿತು, ನನಗೆ ಉಳಿದದ್ದು ಏನು.

ಫೋನು ಗುಂಯ್ ಎಂದಿತು, ಎವ್ಲಿನ್, ಬಸ್ಸಿನಿಂದಲೇ, ನೀನೇ ನೋಡು, ನಾನು ಒತ್ತಾಯ ಮಾಡಿದ್ದಲ್ಲ, ಅವಳೇ ಹೇಳಿದ್ದು, ಕೆಳಗೆ ಒಂದು ವೀಡಿಯೊ, ನೋಡಬಾರದು ಎಂದುಕೊಳ್ಳುತ್ತಲೇ ಒತ್ತಿದೆ, ನಾಯ್ಮಾರ್ಮೂಲೆಯ ಕೋಣೆ, ಚಾಪೆ, ನಾನು ಹೊಲಿದ ಹಳದಿ ಫ್ರಾಕಿನಲ್ಲಿ ವೆನಿಷಾ, ಎವ್ಲಿನ್ ಫೋನನ್ನು ಎಲ್ಲೋ ಒರಗಿಸಿ ಇಟ್ಟಿದ್ದಾಳೆ, ಮಗುವಿಗೆ ಅದು ಗೊತ್ತಿಲ್ಲ, ಎದುರಿಗೆ ಕುಂಞಿ, ಎಂತ ವೆನಿ, ನನ್ನಲ್ಲಿ ಹೇಳು, ಎನ್ನುತ್ತದೆ, ವೆನಿಷಾ ಬಾಯಿ ತೆರೆಯುತ್ತಾಳೆ, ಹೇಳುವುದಿಲ್ಲ, ತಿರುಗಿ ಬಾಗಿಲ ಕಡೆ ನೋಡುತ್ತಾಳೆ, ಮಮ್ಮಿ ಇಲ್ಲ ಅಲ್ಲ, ಎಂದು ಕೇಳುತ್ತಾಳೆ, ಆಡಿನ ಮರಿ ಇಲ್ಲ ಎಂದು ತಲೆಯಾಡಿಸುತ್ತದೆ, ಆಮೇಲೆ ಮಾತು, ಆ ಮಾತು ನನಗೆ ಈಗ ಬೇಡ, ಹಿಂದಕ್ಕೆ ಎಳೆಯುತ್ತೇನೆ, ಅವಳು ಬಾಯಿ ತೆರೆಯುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಲೀನಾ ಊಟ ತಣಿಯುತ್ತದೆ ಎಂದು ಅತ್ತೆ ಒಳಗಿನಿಂದ ಕರೆಯುತ್ತಾರೆ, ಬಂದೆ, ಬಂದೆ ಮಾಯಿ, ಆ ದಿನ ನಾನು ಎಲ್ಲಿದ್ದೆ, ಪೆರ್ಲದಲ್ಲಿ, ಮೆಷಿನ್ನಿನ ಮುಂದೆ, ಯಾರದೋ ಓಣಂ ಸೀರೆಯ ಫಾಲ್ಸ್ ಹೊಲಿಯುತ್ತಾ ಮಗಳು ಖುಷಿಯಾಗಿದ್ದಾಳೆ ಎಂದುಕೊಂಡಿದ್ದೆ — ಮತ್ತೆ ಹಿಂದಕ್ಕೆ, ಚಾಪೆ, ಹಳದಿ ಫ್ರಾಕು, ಸಣ್ಣ ಕುತ್ತಿಗೆ ಪೂರ್ತಿ ತಿರುಗುತ್ತದೆ, ನಾನು ಅಲ್ಲಿ ನಿಂತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ, ಬಾಗಿಲ ಕಡೆ ನೋಡುತ್ತಾಳೆ, ಅಲ್ಲಿ ನಿಲ್ಲಿಸುತ್ತೇನೆ, ಬಾಗಿಲ ಕಡೆ ನೋಡುತ್ತಾಳೆ