ಬಾಗಿಲ ಬದಿಯ ಅಕ್ಷರ

ಬಸ್ಸಿಗೆ ಹೆಸರು ಬರೆಯುವವನಿಗೆ ಒಂದು ನಿಯಮ ಉಂಟು: ಅಕ್ಷರ ಬಸ್ಸು ಹೋಗುವ ಕಡೆಗೇ ವಾಲಬೇಕು. ಡ್ರೈವರನ ಬದಿಯಲ್ಲಿ ಬಲಕ್ಕೆ, ಬಾಗಿಲ ಬದಿಯಲ್ಲಿ ಎಡಕ್ಕೆ. ಇಲ್ಲದಿದ್ದರೆ ಬಸ್ಸು ಮುಂದೆ ಓಡುವಾಗ ಹೆಸರು ಹಿಂದಕ್ಕೆ ಬೀಳುತ್ತದೆ. ಗುರುವಾಯನಕೆರೆಯಲ್ಲಿ ಮೂವತ್ತು ವರ್ಷ ನಾನು ಹೀಗೇ ಬರೆದೆ. ದಪ್ಪ, ಓರೆ, ಕುಸುರಿಯಿಲ್ಲದ ಅಕ್ಷರ. ಮಡಂತ್ಯಾರಿನ ತಿರುವಿನಲ್ಲಿ ಬಸ್ಸು ಕಂಡ ಕೂಡಲೇ ಓದಿ ಆಗಬೇಕು. ಹೂಬಳ್ಳಿ ಬಿಡಿಸುವವರನ್ನು ಕಂಡರೆ ನನಗೆ ಸಿಟ್ಟು. ಬಸ್ಸೇನು ಮದುವೆ ಕಾಗದವೇ?

ಮೂಡಬಿದಿರೆಯಲ್ಲಿ ಸ್ಟಿಕ್ಕರ್ ಅಂಗಡಿ ಇಟ್ಟಿರುವ ಶೋಧನ್ ನನ್ನ ಹದಿನೈದು ವರ್ಷದ ಸ್ನೇಹಿತ. ಅವನ ಕಸುಬು ನನ್ನ ಹೊಟ್ಟೆಯ ಮೇಲೆ ಹೊಡೆಯುವಂಥದ್ದೇ, ಆದರೂ ಪ್ರತಿ ಹಬ್ಬದ ಊಟ ನಮ್ಮ ಮನೆಯಲ್ಲಿ. ಕಳೆದ ವರ್ಷ ಅವನೇ ಹೇಳಿದ, "ಉಮ್ಮರಾಕ, ನಿಮ್ಮ ಕೈ ನಿಂತ ಮೇಲೆ ಈ ಅಕ್ಷರ ಎಲ್ಲಿ ಉಂಟು? ಬರೆದುಕೊಡಿ, ಫಾಂಟ್ ಮಾಡುವ. ನಿಮ್ಮದೇ ಹೆಸರು ಇಡುವ."

ಹೆಸರಿನ ಆಸೆ ಯಾರನ್ನು ಬಿಟ್ಟೀತು? ಅಷ್ಟೊಂದು ಬಸ್ಸುಗಳಿಗೆ ಹೆಸರು ಬರೆದವನ ಹೆಸರು ಎಲ್ಲೂ ಇರಲಿಲ್ಲ. ಎಂಟು ತಿಂಗಳು ಕೂತು, ಒತ್ತಕ್ಷರ ಸಮೇತ, ಬಲಕ್ಕೆ ವಾಲುವ ಅಕ್ಷರಗಳ ಒಂದು ಪುಸ್ತಕ ಬರೆದುಕೊಟ್ಟೆ. ಆಮೇಲೆ ಅವನು ಕೇಳದಿದ್ದರೂ ಎಡಕ್ಕೆ ವಾಲುವವುಗಳ ಇನ್ನೊಂದು ಪುಸ್ತಕ ಮುಗಿಸಿದೆ. ಹೇಳದೆ ಕೊಟ್ಟು ಖುಷಿಪಡಿಸುವ ಎಂದು ಅದನ್ನು ಚೀಲದಲ್ಲಿಟ್ಟು ಇವತ್ತು ಮೂಡಬಿದಿರೆಗೆ ಹೊರಟೆ. ನನ್ನ ಹೆಂಡತಿ ಖದೀಜ ಅವನಿಗೆಂದು ಬಿಸಿ ಪತ್ತಿರ್ ರೊಟ್ಟಿ ಕಟ್ಟಿಕೊಟ್ಟಳು.

ಅಂಗಡಿಯ ಗೋಡೆಯಲ್ಲಿ ನನ್ನ ಅಕ್ಷರಗಳು ಆಳೆತ್ತರಕ್ಕೆ ನಿಂತಿದ್ದವು. ನನ್ನ 'ಕ', ಬೆನ್ನು ಬಾಗಿದ ನನ್ನ 'ಳ'. ಕಣ್ಣು ತುಂಬಿ ಬಂತು. ಒರೆಸಿಕೊಂಡು ಕೆಳಗಿನ ಸಾಲು ಓದಿದೆ: 'ಶೋಧನ್ ದಪ್ಪ ಓರೆ. ರಚನೆ: ಶೋಧನ್.'

"ಇದೆಂತದು?" ಅಂದೆ.

ಅವನಿಗೆ ನಾಚಿಕೆಯೂ ಆಗಲಿಲ್ಲ. "ಮಾರ್ಕೆಟ್ ನೋಡಬೇಕಲ್ಲ ಉಮ್ಮರಾಕ. ಭಜನಾ ಮಂದಿರದವರು, ಕ್ಲಬ್ಬಿನವರು ಎಲ್ಲ ತಗೊಳ್ತಾರೆ. ನಿಮ್ಮ ಹೆಸರಿದ್ದರೆ ಒಂದೊಂದು ಮಾತು ಬರ್ತದೆ. ನಮ್ಮೊಳಗೆ ಅದೆಲ್ಲ ಎಂತಕ್ಕೆ?"

ನಮ್ಮೊಳಗೆ! ನನ್ನ ಮನೆಯಲ್ಲಿ ಉಣ್ಣುವಾಗ ಅಡ್ಡ ಬಾರದ ಹೆಸರು ಅಕ್ಷರಕ್ಕೆ ಅಡ್ಡ ಬಂತು. ಮೈಯೆಲ್ಲ ಉರಿಯಿತು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅವನು ಚಾ ತರಿಸಿದ. "ಒಂದು ತೊಂದರೆ ಉಂಟು ಮಾರಾಯ್ರೆ. ಬಾಗಿಲ ಬದಿಗೆ ಅಂಟಿಸಿದರೆ ಹೆಸರು ಹಿಂದೆ ಬೀಳ್ತದೆ ಅಂತ ಬಸ್ಸಿನವರ ಗಲಾಟೆ. ಕಂಪ್ಯೂಟರಿನಲ್ಲಿ ಎಡಕ್ಕೆ ವಾಲಿಸಿ ನೋಡಿದೆ, ಅಕ್ಷರದ ಹೊಟ್ಟೆಯೆಲ್ಲ ಸೊಟ್ಟ ಆಗ್ತದೆ. ಎಡದ್ದು ನಿಮ್ಮಲ್ಲಿ ಬರೆದದ್ದು ಉಂಟಾ?"

ಚೀಲ ನನ್ನ ತೊಡೆಯ ಮೇಲೇ ಇತ್ತು.

"ಇಲ್ಲ," ಅಂದೆ.

ಹದಿನೈದು ವರ್ಷದಲ್ಲಿ ಅವನಿಗೆ ನಾನು ಹೇಳಿದ ಮೊದಲ ಸುಳ್ಳು. ಅವನು ಕೂಡಲೇ ನಂಬಿದ. ಉಮ್ಮರ್ ಸುಳ್ಳು ಹೇಳುವವನಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಚೀಲದಿಂದ ಪತ್ತಿರಿನ ಕಟ್ಟು ಮಾತ್ರ ತೆಗೆದು ಅವನ ಮೇಜಿನ ಮೇಲಿಟ್ಟು, ಎದ್ದು ಬಂದೆ.