ಹಳೇ ಕೈಗೆ ಹೊಸ ನೆಕ್

ಮಗಳು ಅನು ಏನು ಕೆಲಸ ಮಾಡುತ್ತಾಳೆ ಎಂದು ಕುರುಬರಹಳ್ಳಿಯ ಅಕ್ಕಪಕ್ಕದವರು ಕೇಳಿದರೆ ಇಂದ್ರಮ್ಮನ ಹತ್ತಿರ ಒಂದೇ ಉತ್ತರವಿತ್ತು. "ಹೊಸ ಗಿಟಾರ್ ಹಾಳು ಮಾಡ್ತಾಳೆ. ಅದಕ್ಕೆ ಸಂಬಳ ಬೇರೆ."

ಸುಳ್ಳೇನಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕೆಳಗಡೆ ಲೇಥ್ ಶಾಪ್ ಇರುವ ಕಟ್ಟಡದ ಮೇಲಿನ ಮಹಡಿಯಲ್ಲಿ ಆತ್ರೇಯನ ಗಿಟಾರ್ ರಿಪೇರಿ ಅಂಗಡಿ. ಅಲ್ಲಿಗೆ ಬರುವ ಹುಡುಗರು ಹೊಸ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುತ್ತಾರೆ, ಆದರೆ ಅದು ಹೊಸದಾಗಿ ಕಾಣಬಾರದು. ಯಾರೋ ಐವತ್ತು ವರ್ಷ ನುಡಿಸಿ ಸವೆಸಿದಂತಿರಬೇಕು. ಆ ಐವತ್ತು ವರ್ಷವನ್ನು ಅನು ಹದಿನೈದು ದಿನದಲ್ಲಿ ಮುಗಿಸಿ ಕೊಡುತ್ತಾಳೆ. ಸ್ಯಾಂಡ್‌ಪೇಪರಿನಲ್ಲಿ ಬಣ್ಣ ಉಜ್ಜುತ್ತಾಳೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಫ್ರಿಜ್ಜಿನೊಳಗಿಟ್ಟು ಪಾಲಿಷ್‌ನಲ್ಲಿ ಕೂದಲೆಳೆಯಂಥ ಬಿರುಕು ಬಿಡಿಸುತ್ತಾಳೆ. ಬೀಗದ ಕೈಗಳ ಗೊಂಚಲು ಹಿಡಿದು ಅಲ್ಲಲ್ಲಿ ಹೊಡೆಯುತ್ತಾಳೆ. ಅಪ್ಪನಿಂದ ಕಲಿತ ಫರ್ನಿಚರ್ ಪಾಲಿಷ್ ಕೆಲಸವನ್ನೇ ತಿರುಗಿಸಿ ಹಾಕಿದರೆ ಇದು.

ಸುಬ್ರಮಣಿ ಅಲ್ಲಿಗೆ ಬಂದಾಗ ಮೊದಲು ನೋಡಿದ್ದು ಗೋಡೆಯ ಮೇಲೆ ನೇತುಹಾಕಿದ್ದ ಅಂಥದೊಂದು ಗಿಟಾರನ್ನು. ಅರವತ್ತೊಂದು ವರ್ಷದ ಮನುಷ್ಯ, ಫ್ಯಾಕ್ಟರಿಯೊಂದರಿಂದ ರಿಟೈರ್ ಆದವರು. ಮಹದೇವ್ ಎಂಬವರ ಆರ್ಕೆಸ್ಟ್ರಾದಲ್ಲಿ ಮೂವತ್ತೊಂದು ವರ್ಷದಿಂದ ಗಿಟಾರ್ ನುಡಿಸುತ್ತಿದ್ದರು: ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್. ತಮ್ಮ ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೆಗ್ಗನಹಳ್ಳಿಯಿಂದ ಎರಡು ಬಸ್ ಹತ್ತಿ ಬಂದಿದ್ದರು.

"ಇದನ್ನ ಯಾರಮ್ಮ ನುಡಿಸ್ತಿದ್ದಿದ್ದು?"

"ಯಾರೂ ಇಲ್ಲ ಅಂಕಲ್. ನಾನೇ ಸವೆಸಿದ್ದು, ಹೋದ ತಿಂಗಳು."

"ಅದಕ್ಕೇ ಮತ್ತೆ. ಕೈ ಒರಗೋ ಜಾಗ ಎರಡು ಕಡೆ ಸವೆದಿದೆ. ಈ ಮನುಷ್ಯನಿಗೆ ಬಲಗಡೆ ಎರಡು ಮೊಣಕೈ ಇದೆ. ಹೊಟ್ಟೆ ಒಂದೂ ಇಲ್ಲ."

ಅವರು ಬೆಡ್‌ಶೀಟ್ ಬಿಚ್ಚಿ ತಮ್ಮದನ್ನು ತಿರುಗಿಸಿ ತೋರಿಸಿದರು. ಕೆಂಪು ಬಣ್ಣದ ಹಿಂಬದಿಯಲ್ಲಿ ಮರ ಕಾಣುವಷ್ಟು ಸವೆದ ನಾಲ್ಕು ಸಣ್ಣ ಕುಳಿಗಳು, ಒಂದರ ಕೆಳಗೊಂದು. ಶರ್ಟಿನ ಗುಂಡಿಗಳು. ನಾಲ್ಕನೆಯದು ಉಳಿದವಕ್ಕಿಂತ ಆಳವಾಗಿತ್ತು. "ಇದು ಹೊಟ್ಟೆ ಬಂದ ಮೇಲಿನದು," ಎಂದರು ಹೆಮ್ಮೆಯಿಂದ.

ಅನುವಿಗೆ ನಗು ಬಂತು, ಸಿಟ್ಟೂ ಬಂತು.

ಗಿಟಾರಿನ ದೇಹ ಗಟ್ಟಿಯಾಗಿತ್ತು. ಕೆಟ್ಟಿದ್ದು ನೆಕ್, ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ. ಒಳಗಿನ ಕಬ್ಬಿಣದ ಸರಳು ಮುರಿದು ಮರ ತಿರುಚಿಕೊಂಡಿತ್ತು. ಆತ್ರೇಯ ಅದನ್ನು ಬಿಚ್ಚಿ ಅದೇ ಅಳತೆಯ ಹೊಸ ನೆಕ್ ಕೂರಿಸಿದ. ಸುಬ್ರಮಣಿ ಎರಡು ಸಲ ಹಾಡು ಹಿಡಿದು ಎರಡು ಸಲವೂ ನೆಕ್ಕಿನ ಪಟ್ಟಿಗಳ ನಡುವೆ ತಪ್ಪು ಮನೆಗೆ ಬೆರಳಿಟ್ಟರು. ಮೂರನೆಯ ಸಲ ಪ್ರತಿ ಸ್ವರಕ್ಕೂ ಬಗ್ಗಿ ನೋಡತೊಡಗಿದರು, ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ.

"ಎರಡು ತಿಂಗಳಿಂದ ನನ್ನ ಭಾಗ ಎಲ್ಲಾ ಕೀಬೋರ್ಡಲ್ಲೇ ಹೊಡೀತಿದಾರೆ," ಎಂದರು. "ಬರೋ ತಿಂಗಳು ಕೆಂಗೇರೀಲಿ ಪ್ರೋಗ್ರಾಮು. ಹಿಂದಿನ ದಿನ ರಿಹರ್ಸಲ್. ಅಷ್ಟರಲ್ಲಿ ಕೈ ಕೂತ್ರೆ ಸರಿ, ಇಲ್ಲಾಂದ್ರೆ ಗಿಟಾರ್ ಇನ್ಮೇಲೆ ಕೀಬೋರ್ಡಲ್ಲೇ ಇರ್ಲಿ ಸುಬ್ಬು ಅಂದ ಮಹದೇವ. ಅವನದ್ದೇನೂ ತಪ್ಪಿಲ್ಲ. ಪ್ರೋಗ್ರಾಮ್ ನಡೀಬೇಕಲ್ಲ."

"ನಿಮ್ಮ ಹಳೇ ನೆಕ್ ಥರಾನೇ ಮಾಡ್ಕೊಡ್ತೀನಿ ಅಂಕಲ್," ಎಂದಳು ಅನು. ಎರಡು ಮೊಣಕೈಯ ಮಾತು ಇನ್ನೂ ಚುಚ್ಚುತ್ತಿತ್ತು. "ಯಾವುದು ಹಳೇದು ಯಾವುದು ಹೊಸದು ಅಂತ ನಿಮಗೇ ಗೊತ್ತಾಗಲ್ಲ."

ಹತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ನೆಕ್ಕಿನ ನಲವತ್ತು ಫೋಟೋ ತೆಗೆದಳು. ಬೆವರಿನ ಕಂದು, ಬೆರಳು ಓಡಾಡಿದ ಕಡೆ ಬೂದು, ಅಂಚಿನ ಗಾಯಗಳು, ಎಲ್ಲವನ್ನೂ ಒಂದೊಂದಾಗಿ ಹೊಸದಕ್ಕೆ ಇಳಿಸಿದಳು. ನೆಕ್ಕಿನ ತುದಿಯಲ್ಲಿ, ತಂತಿ ಬಿಗಿಯುವ ತಿರುಪುಗಳ ಪಕ್ಕ, ಒಂದು ಸುಟ್ಟ ಕಲೆಯಿತ್ತು. ವಿದೇಶಿ ಗಿಟಾರುಗಳ ಫೋಟೋಗಳಲ್ಲಿ ಅದನ್ನು ಬೇಕಾದಷ್ಟು ನೋಡಿದ್ದಳು. ನುಡಿಸುವವರು ಸಿಗರೇಟನ್ನು ಅಲ್ಲಿ ಸಿಕ್ಕಿಸಿ ಮರೆಯುತ್ತಾರೆ. ಸಾಲ್ಡರಿಂಗ್ ಕಬ್ಬಿಣ ಕಾಯಿಸಿ ಸುಟ್ಟಳು. ಫೋಟೋಗಳಲ್ಲಿದ್ದಂತೆ ಸ್ವಲ್ಪ ದೊಡ್ಡದಾಗಿಯೇ.

ಗುರುವಾರ ಬಂದ ಸುಬ್ರಮಣಿ ಬೆರಗಾದರು. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.

"ಇದೇನಮ್ಮ, ಇಲ್ಲಿ ಇಷ್ಟಗಲ?"

"ಸಿಗರೇಟು ಸುಟ್ಟಿದ್ದು. ನಿಮ್ಮದರಲ್ಲೂ ಇದೆಯಲ್ಲ."

"ಸಿಗರೇಟಾ! ನಮ್ಮನೇಲಿ ಕೇಳಿಸ್ಕೊಂಡ್ರೆ ನಂಗೆ ಅನ್ನ ಹಾಕಲ್ಲ. ಅದು ಊದುಬತ್ತಿ ಕಣಮ್ಮ! ವರ್ಷಾ ವರ್ಷಾ ಆಯುಧಪೂಜೆಗೆ ತುದೀಲಿ ಸಿಕ್ಕಿಸ್ತೀನಿ."

ಆತ್ರೇಯ ಕುರ್ಚಿಯಿಂದ ಬೀಳುವಂತೆ ನಕ್ಕ. "ಅನು, ದೇವರ ಮುಂದೆ ಸಿಗರೇಟು ಹಚ್ಚಿಸಿಬಿಟ್ಟೆ ಕಣೇ!"

ಸುಬ್ರಮಣಿ ಕೂತು ನುಡಿಸಿದರು. ಒಂದು ಪಲ್ಲವಿ ಮುಗಿಯುವ ಮೊದಲೇ ನಿಲ್ಲಿಸಿದರು. ಅಂಗೈ ತಿರುಗಿಸಿ ನೋಡಿಕೊಂಡರು. ಅನು ಬಳಿದ ಬಣ್ಣ ಹೆಬ್ಬೆರಳನ್ನು ಹಿಡಿದು ಹಿಡಿದು ಬಿಡುತ್ತಿತ್ತು.

"ನೋಡೋಕೆ ನಂದೇ," ಎಂದರು ನಿಧಾನವಾಗಿ, ಅವಳಿಗೆ ನೋವಾಗಬಾರದು ಎಂಬಂತೆ. "ಮುಟ್ಟಿದ್ರೆ ಬೇರೆ ಯಾರದ್ದೋ. ಹಳೇದು ಹಿಂಗೆ ಅಂಟ್ತಾ ಇರ್ಲಿಲ್ಲ. ಅಂಟಬಾರದು ಅಂತ್ಲೇ ನುಡಿಸೋ ಮೊದ್ಲು ಕೈಗೆ ವಿಭೂತಿ ಉಜ್ಕೋತೀನಿ. ಪೌಡರ್ ಹಾಕಿದ್ರೆ ಮದುಮಗಳು ಬಂದ್ಲು ಅಂತ ಮಹದೇವ ರೇಗಿಸ್ತಾನೆ."

ರಿಹರ್ಸಲ್‌ಗೆ ಒಂಬತ್ತು ದಿನ ಉಳಿದಿತ್ತು. ಅವರು ಗಿಟಾರನ್ನು ಅಲ್ಲೇ ಬಿಟ್ಟು ಹೋದರು, ಬೆಡ್‌ಶೀಟನ್ನು ಮಾತ್ರ ಮಡಚಿ ಕಂಕುಳಲ್ಲಿಟ್ಟುಕೊಂಡು.

ಆ ಸಂಜೆ ಅನು ಮನೆಗೆ ಬಂದಾಗ ಇಂದ್ರಮ್ಮ ಶುಕ್ರವಾರದ ಪೂಜೆಗೆ ಬೆಳ್ಳಿ ದೀಪ ಉಜ್ಜುತ್ತ ಕೂತಿದ್ದರು. ಒದ್ದೆ ಬಟ್ಟೆ, ಅದರ ಮೇಲೆ ವಿಭೂತಿ. ದೀಪದ ಕಂಬದಲ್ಲಿ ಹೂಬಳ್ಳಿಯ ಕೆತ್ತನೆಯಿತ್ತು. ಒಂದು ಕಡೆ ಎಲೆಯ ನರವೂ ಕಾಣುವಷ್ಟು ಚೂಪು. ಇನ್ನೊಂದು ಕಡೆ ಬಳ್ಳಿಯೇ ಇಲ್ಲ, ನುಣ್ಣಗೆ. ಅನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದ ದೀಪ ಅದು.

"ಅಮ್ಮ, ಇಲ್ಲಿ ಯಾಕೆ ಹೂವಿಲ್ಲ?"

"ನಿಮ್ಮಜ್ಜಿ ಕಾಲದಿಂದ ಹೆಬ್ಬೆಟ್ಟು ಅಲ್ಲೇ ಬೀಳುತ್ತೆ. ಬೂದಿ ಏನು ಸಾಮಾನ್ಯಾನಾ? ಉಜ್ತಾ ಉಜ್ತಾ ತಿಂದ್ಹಾಕುತ್ತೆ."

ಅನು ದೀಪವನ್ನು ಕಿತ್ತುಕೊಂಡು ಆ ನುಣುಪಿನ ಮೇಲೆ ಬೆರಳಾಡಿಸಿದಳು. ಸುಬ್ರಮಣಿಯ ಹಳೆಯ ನೆಕ್ಕಿನ ಬೆನ್ನು ಹೀಗೇ ಇತ್ತು. ನಲವತ್ತು ಫೋಟೋ ತೆಗೆದವಳು ಒಂದು ಸಲವೂ ಕಣ್ಣು ಮುಚ್ಚಿ ಅದನ್ನು ಸವರಿ ನೋಡಿರಲಿಲ್ಲ. ಮೂವತ್ತೊಂದು ವರ್ಷ ವಿಭೂತಿ ಹಚ್ಚಿದ ಅಂಗೈ ಅಲ್ಲಿ ಓಡಾಡಿತ್ತು, ಆ ಮರವನ್ನು ದಿನಕ್ಕಿಷ್ಟು ತಿಂದಿತ್ತು.

"ಕೊಡೇ ಇಲ್ಲಿ, ಇನ್ನೂ ತೊಳ್ದಿಲ್ಲ," ಎಂದು ಇಂದ್ರಮ್ಮ ಬೈದರು.

ಮಾರನೆಯ ದಿನ ಅವಳು ತಾನು ಬಳಿದದ್ದನ್ನೆಲ್ಲ ಕೆರೆದು ತೆಗೆದಳು. ಹತ್ತು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಪುಡಿಯಾಗಿ ನೆಲಕ್ಕೆ ಬಿತ್ತು. ಕೆಳಗೆ ಬಿಳಿ ಹಳದಿಯ ಹೊಸ ಮರ. ಆಮೇಲೆ ಸುಬ್ರಮಣಿಗೆ ಫೋನ್ ಮಾಡಿದಳು. "ಅಂಕಲ್, ನಾಳೆ ಬೆಳಿಗ್ಗೆ ಬನ್ನಿ. ವಿಭೂತಿ ತನ್ನಿ."

ಅವರು ಬಂದರು. ಅವಳು ನೆಕ್ಕಿನ ಬೆನ್ನಿಗೆ ಪೆನ್ಸಿಲ್ಲಿನ ಕಪ್ಪು ಸೀಸದ ಪುಡಿಯನ್ನು ತೆಳ್ಳಗೆ ಸವರಿ, ಅವರ ಅಂಗೈಗೆ ವಿಭೂತಿ ಉಜ್ಜಿಸಿ, "ಏನಾದ್ರೂ ನುಡಿಸಿ, ತಪ್ಪಾದ್ರೂ ಪರವಾಗಿಲ್ಲ," ಎಂದಳು. ಹತ್ತು ನಿಮಿಷದ ನಂತರ ತಿರುಗಿಸಿ ನೋಡಿದರೆ ಕಪ್ಪಿನ ಮೇಲೆ ಎರಡು ಬಿಳಿ ಗುರುತು. ಒಂದು ಉದ್ದಕ್ಕೆ, ಹೆಬ್ಬೆರಳು ಜಾರುವ ದಾರಿ. ಇನ್ನೊಂದು ಅಂಚಿನಲ್ಲಿ, ಅವರು ಕೈಯನ್ನು ಒಂದಿಷ್ಟು ವಾಲಿಸಿ ಹಿಡಿಯುವ ಕಡೆ. ಹಳೆಯ ನೆಕ್ಕಿನ ಫೋಟೋಗಳಲ್ಲಿ ಈ ಎರಡು ಜಾಗದಲ್ಲಿ ಯಾವ ಕಲೆಯೂ ಇರಲಿಲ್ಲ. ಇಲ್ಲಿ ಏನೂ ಇಲ್ಲ ಎಂದು ಅವಳು ಬಿಟ್ಟುಬಿಟ್ಟಿದ್ದಳು.

ಅಲ್ಲಿ ಮಾತ್ರ ಉಜ್ಜಿದಳು. ಮತ್ತೆ ನುಡಿಸಿದರು, ಮತ್ತೆ ಗುರುತು ಬಿತ್ತು, ಮತ್ತೆ ಉಜ್ಜಿದಳು. ಕೊನೆಗೆ ಸ್ಯಾಂಡ್‌ಪೇಪರ್ ಬಿಟ್ಟು ಬರಿಗೈಗೆ ವಿಭೂತಿ ಹಚ್ಚಿಕೊಂಡು ತಿಕ್ಕಿದಳು. ಹೀಗೆ ಐದು ಬೆಳಿಗ್ಗೆ. ಸುಬ್ರಮಣಿ ಬರುವಾಗ ದಿನಾ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು, ಚಟ್ನಿ ಕಡಿಮೆ ಕೊಟ್ಟ ಎಂದು ದಿನಾ ಹೋಟೆಲಿನವನನ್ನು ಬೈಯುತ್ತಿದ್ದರು. ನಾಲ್ಕನೆಯ ದಿನ ಹಾಗೆ ಬೈಯುತ್ತಲೇ, ಬಗ್ಗಿ ನೋಡದೆ ನುಡಿಸುತ್ತಿದ್ದುದನ್ನು ಅನು ಗಮನಿಸಿದಳು.

ಆತ್ರೇಯನಿಗೆ ಮಾತ್ರ ಸಮಾಧಾನವಿಲ್ಲ. ಕೆಂಪು ಸವೆದ ದೇಹ, ಅದಕ್ಕೆ ಬೆಳ್ಳಗಿನ ನೆಕ್. "ಮುದುಕರ ಬಾಯಿಗೆ ಹೊಸ ಹಲ್ಲು ಕಟ್ಟಿಸಿದ ಹಾಗಿದೆ. ಒಂಚೂರಾದ್ರೂ ಕಲರ್ ಕೊಡೇ."

"ನನ್ನ ಹಲ್ಲೂ ಕಟ್ಟಿಸಿದ್ದೇ ಸಾರ್," ಎಂದರು ಸುಬ್ರಮಣಿ. "ಮಟನ್ ಕಡಿಯುತ್ತೆ, ಸಾಕಲ್ಲ."

ರಿಹರ್ಸಲ್ ವಿಜಯನಗರದಲ್ಲಿ, ಮಹದೇವ್ ಮನೆಯ ಮಹಡಿಯ ಶೀಟ್ ಹಾಕಿದ ಕೋಣೆಯಲ್ಲಿ. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಸುಬ್ರಮಣಿ ಒತ್ತಾಯ ಮಾಡಿದ್ದರಿಂದ ಅನುವೂ ಹೋಗಿ, ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಕೀಬೋರ್ಡ್ ನುಡಿಸುವ ರಂಜಿನಿ ಗಿಟಾರಿನ ಭಾಗಕ್ಕೂ ಸಿದ್ಧವಾಗಿ ಕೂತಿದ್ದಳು. ಮಹದೇವ್ ಬಿಳಿ ನೆಕ್ಕನ್ನು ನೋಡಿ ಹುಬ್ಬೇರಿಸಿದರು. ಮೊದಲ ಹಾಡಿಗೆ ತಾಳ ಎಣಿಸಿದರು.

ಹಾಡು ಶುರುವಾಗುವುದೇ ಗಿಟಾರಿನಿಂದ. ಮೊದಲ ಎರಡು ಸ್ವರಕ್ಕೆ ಸುಬ್ರಮಣಿ ತಲೆ ತಗ್ಗಿಸಿಯೇ ಇದ್ದರು. ಆಮೇಲೆ ಡ್ರಮ್ಸ್ ಬಂತು, ಅವರು ತಲೆಯೆತ್ತಿದರು. ಚರಣದಲ್ಲಿ ಅವರ ಕಣ್ಣು ಡ್ರಮ್ಸ್ ಹುಡುಗನ ಮೇಲಿತ್ತು. ಅವನು ತಾಳ ಬಿಟ್ಟು ಮುಂದೆ ಓಡುತ್ತಿದ್ದ. ಸುಬ್ರಮಣಿಯ ಎಡಗೈ ನೆಕ್ಕಿನುದ್ದಕ್ಕೆ ಮೇಲೆ ಹೋಗಿ ಕೆಳಗೆ ಬಂತು, ಅದರ ಪಾಡಿಗೆ ಅದು. ಇವರು ಗದರಿಸುವುದರಲ್ಲಿ ಮುಳುಗಿದ್ದರು.

"ಏಯ್, ಬಸ್ಸಿಗೆ ಹೊತ್ತಾಯ್ತೇನೋ? ನಿಧಾನ ಹೊಡಿಯೋ!"

ಹಾಡು ಮುಗಿದಾಗ ರಂಜಿನಿ ಎರಡೂ ಕೈ ಕೊಡವಿದಳು. "ಅಬ್ಬಾ! ಅಂಕಲ್, ಎರಡೂವರೆ ತಿಂಗಳಿಂದ ನಿಮ್ಮ ಹೊರೇನೂ ನಾನೇ ಹೊತ್ತಿದ್ದೆ. ತಗೊಳ್ಳಿ ನಿಮ್ಮದು ನೀವು."

"ಯಾರು ಹೊರು ಅಂದಿದ್ರು ನಿಂಗೆ?" ಎಂದರು ಸುಬ್ರಮಣಿ, ಮುಖವೆಲ್ಲ ನಗು.

ಮಹದೇವ್ ಹಾಡುಗಳ ಪಟ್ಟಿ ತೆಗೆದು, ಪೆನ್ನಿಗಾಗಿ ಜೇಬು ತಡಕಾಡಿದರು. "ಸುಬ್ಬು, ಗಿಟಾರ್ ಇಲ್ಲ ಅಂತ ನಾಳೇದ್ರಲ್ಲಿ ಮೂರು ಹಾಡು ಬಿಟ್ಟಿದ್ದೆ. ಹಾಕ್ಲಾ ವಾಪಸ್?"

"ಮೂರ್ಯಾಕೆ, ನಾಲ್ಕು ಹಾಕು. ಅನು, ನೀನ್ಯಾಕಮ್ಮ ಚಪ್ಪಲಿ ಹತ್ರ ಕೂತಿದೀಯ? ಒಳಗೆ ಬಾ, ಅಲ್ಲಿ ಬರೀ ಡ್ರಮ್ಸ್ ಕೇಳುತ್ತೆ."

ಅವಳು ಕುರ್ಚಿಯನ್ನು ಎತ್ತಿಕೊಂಡು ಸ್ಪೀಕರಿನ ಮುಂದೆ ಹಾಕಿದಳು. ಮಹದೇವ್ ಎರಡನೆಯ ಹಾಡಿಗೆ ಎಣಿಸತೊಡಗಿದರು.